114 ಚಿಪ್‌ಗಳಲ್ಲಿ ಕೆಟ್ಟದ್ದು ಯಾವುದು? ಬಿಟ್‌ಕಾಯಿನ್ ಮೈನಿಂಗ್ ಯಂತ್ರದ ರಿಪೇರಿ ಹೇಗೆ ನಡೆಯುತ್ತದೆ

ಬಿಟ್‌ಕಾಯಿನ್ ಮೈನಿಂಗ್ ಯಂತ್ರ ಕೆಟ್ಟಿದೆ ಅಂದರೆ ಹೆಚ್ಚಿನ ಸಲ ಅದು ಪೂರ್ತಿ ನಿಂತಿರುವುದಿಲ್ಲ. ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ. ದೀಪ ಉರಿಯುತ್ತಿರುತ್ತದೆ. ನೆಟ್‌ವರ್ಕ್‌ನಲ್ಲೂ ಕಾಣಿಸುತ್ತದೆ. ಆದರೆ ಸೆಕೆಂಡಿಗೆ 110 ಟೆರಾಹ್ಯಾಶ್ ಕೊಡಬೇಕಾದದ್ದು 73ಕ್ಕೆ ಇಳಿದಿರುತ್ತದೆ. ಒಳಗಿರುವ ಮೂರು ಬೋರ್ಡ್‌ಗಳಲ್ಲಿ ಒಂದು ಕೈಕೊಟ್ಟಿದೆ. ಅದನ್ನು ಬಿಚ್ಚಿ ನೋಡಿದರೆ ಸುಟ್ಟ ಕಲೆ ಇಲ್ಲ, ವಾಸನೆಯೂ ಇಲ್ಲ. ಅದರ ಮೇಲಿರುವ 114 ಚಿಪ್‌ಗಳಲ್ಲಿ 113 ಚೆನ್ನಾಗಿಯೇ ಇರಬಹುದು. ಕೆಟ್ಟಿರುವುದು ಒಂದೇ ಒಂದು ಚಿಪ್. ಆ ಒಂದು ಯಾವುದು ಅಂತ ಕಂಡುಹಿಡಿಯುವುದೇ ಈ ಕಸುಬು.

ಕೆಟ್ಟ ಚಿಪ್ ಕಿತ್ತು ಹೊಸದು ಕೂರಿಸುವುದು ಪಳಗಿದ ಕೈಗೆ ಕೆಲವೇ ನಿಮಿಷಗಳ ಕೆಲಸ. ಬೆಸುಗೆಯ ವಿಡಿಯೋಗಳನ್ನು ನೋಡಿ ಅದೇ ರಿಪೇರಿ ಅಂದುಕೊಳ್ಳುವವರು ಜಾಸ್ತಿ. ನನ್ನ ಪ್ರಕಾರ ಒಳ್ಳೆಯ ರಿಪೇರಿಯವರನ್ನು ಗುರುತಿಸುವ ಜಾಗ ಬೇರೆ ಇದೆ. ಅವರು ಹಾಟ್ ಏರ್ ಗನ್ ಎತ್ತಿಕೊಳ್ಳುವ ಮೊದಲು ಎಷ್ಟು ಹೊತ್ತು ಮಲ್ಟಿಮೀಟರ್ ಹಿಡಿದಿರುತ್ತಾರೆ ಅನ್ನುವುದನ್ನು ನೋಡಬೇಕು. ಯಾಕೆ ಅಂತ ಗೊತ್ತಾಗಬೇಕಾದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಸ್ವಲ್ಪ ತಿಳಿದಿರಬೇಕು.

ಯಂತ್ರದೊಳಗೆ ಏನಿದೆ

ಮೈನಿಂಗ್ ಅಂದರೆ ಹೊಸ ಬಿಟ್‌ಕಾಯಿನ್ ಗಳಿಸಲು ಒಂದೇ ಬಗೆಯ ಲೆಕ್ಕವನ್ನು ಲೆಕ್ಕವಿಲ್ಲದಷ್ಟು ಸಲ ಮಾಡುವುದು. ಆ ಲೆಕ್ಕದ ಹೆಸರು ಎಸ್‌ಎಚ್‌ಎ-256. ಪ್ರತಿ ಸಲವೂ ಒಂದು ಸಂಖ್ಯೆಯನ್ನು ಬದಲಿಸಿ, ಬಂದ ಉತ್ತರ ಬೇಕಾದಷ್ಟು ಚಿಕ್ಕದಾಗಿದೆಯೇ ಅಂತ ನೋಡಬೇಕು. ಇಲ್ಲದಿದ್ದರೆ ಮತ್ತೊಂದು ಸಂಖ್ಯೆ. ಒಂದು ಟೆರಾಹ್ಯಾಶ್ ಅಂದರೆ ಇಂಥ 1 ಲಕ್ಷ ಕೋಟಿ ಪ್ರಯತ್ನ. ಬಿಟ್‌ಮೈನ್ ಕಂಪನಿಯ ಆಂಟ್‌ಮೈನರ್ ಎಸ್19 ಪ್ರೊ ಸೆಕೆಂಡಿಗೆ ಇಂಥ 110 ಲಕ್ಷ ಕೋಟಿ ಪ್ರಯತ್ನ ಮಾಡುತ್ತದೆ.

ಮೊದಮೊದಲು ಈ ಲೆಕ್ಕವನ್ನು ಮನೆಯ ಕಂಪ್ಯೂಟರ್‌ನಲ್ಲೇ ಮಾಡುತ್ತಿದ್ದರು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಂತು. 2013ರ ಶುರುವಿನಲ್ಲಿ ಚೀನಾದ ಅವಲಾನ್ ಯಂತ್ರ ಗ್ರಾಹಕರ ಕೈ ಸೇರಿತು. ಈ ಲೆಕ್ಕಕ್ಕೆಂದೇ ಮಾಡಿದ ಚಿಪ್ ಅದರಲ್ಲಿತ್ತು. ಬಿಟ್‌ಮೈನ್ ಶುರುವಾದದ್ದೂ ಅದೇ ವರ್ಷ. 2016ರಲ್ಲಿ ಬಂದ ಅವರ ಎಸ್9 ಜಗತ್ತಿನ ತುಂಬ ಹರಡಿತು. ಈ ರಿಪೇರಿ ಕೆಲಸ ಕಲಿತ ಬಹಳ ಜನ ಕೈ ಪಳಗಿಸಿಕೊಂಡದ್ದು ಎಸ್9 ಬೋರ್ಡ್ ಮೇಲೆಯೇ. 2020ರಲ್ಲಿ ಎಸ್19 ಸರಣಿ ಬಂತು. ನಾನಿಲ್ಲಿ ಹೆಚ್ಚಾಗಿ ಈ ಎರಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಎಸ್19 ಬಿಚ್ಚಿದರೆ ಸಿಗುವುದು ನಾಲ್ಕೇ ಬಗೆಯ ಭಾಗಗಳು. ಪವರ್ ಸಪ್ಲೈ, ಕಂಟ್ರೋಲ್ ಬೋರ್ಡ್, ನಾಲ್ಕು ಫ್ಯಾನ್, ಮೂರು ಹ್ಯಾಶ್ ಬೋರ್ಡ್. ಕಂಟ್ರೋಲ್ ಬೋರ್ಡ್ ಒಂದು ಸಣ್ಣ ಕಂಪ್ಯೂಟರ್. ಇಂಟರ್‌ನೆಟ್‌ನಿಂದ ಕೆಲಸ ತಂದು ಹ್ಯಾಶ್ ಬೋರ್ಡ್‌ಗಳಿಗೆ ಹಂಚುತ್ತದೆ, ಉತ್ತರ ವಾಪಸ್ ತೆಗೆದುಕೊಳ್ಳುತ್ತದೆ. ನಿಜವಾದ ದುಡಿಮೆ ಹ್ಯಾಶ್ ಬೋರ್ಡ್‌ಗಳದ್ದು. ಕಷ್ಟದ ರಿಪೇರಿಯೂ ಅವುಗಳದ್ದೇ.

ಮೊದಲು ಲಾಗ್ ಓದಬೇಕು

ಯಂತ್ರ ಆನ್ ಆದ ಕೂಡಲೇ ಕಂಟ್ರೋಲ್ ಬೋರ್ಡ್ ಪ್ರತಿ ಹ್ಯಾಶ್ ಬೋರ್ಡನ್ನೂ ಮಾತಾಡಿಸುತ್ತದೆ. ಎಷ್ಟು ಚಿಪ್ ಇದ್ದೀರಿ ಅಂತ ಕೇಳುತ್ತದೆ. ಬಂದ ಉತ್ತರವನ್ನು ಲಾಗ್‌ನಲ್ಲಿ, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ಕಡತದಲ್ಲಿ, ಬರೆಯುತ್ತದೆ. ಬ್ರೌಸರ್‌ನಲ್ಲಿ ಯಂತ್ರದ ಐಪಿ ಅಡ್ರೆಸ್ ಹಾಕಿ, ಲಾಗಿನ್ ಆದರೆ ಇದನ್ನು ಯಾರು ಬೇಕಾದರೂ ಓದಬಹುದು. 114 ಬರಬೇಕಾದ ಕಡೆ 114 ಬಂದರೆ ಸರಿ. ಕಡಿಮೆ ಬಂದರೆ ಕೆಲವು ಸಲ ಮತ್ತೆ ಕೇಳುತ್ತದೆ. ಆಗಲೂ ಸಿಗದಿದ್ದರೆ ಆ ಬೋರ್ಡ್‌ನ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ಒಂದು ಚಿಪ್ ಹೋದರೆ ಇಡೀ ಬೋರ್ಡ್ ನಿಲ್ಲುವುದು ಹೀಗೆ.

ಲಾಗ್‌ನಲ್ಲಿ ಸಿಗುವ ಸಂಖ್ಯೆಯೇ ಮೊದಲ ಸುಳಿವು. ಸೊನ್ನೆ ಚಿಪ್ ಅಂತ ಬಂದರೆ ಬೋರ್ಡ್‌ಗೆ ವಿದ್ಯುತ್ ಸಿಗುತ್ತಿಲ್ಲ, ಅಥವಾ ಮೊದಲ ಚಿಪ್ ವರೆಗೂ ಮಾತು ತಲುಪುತ್ತಿಲ್ಲ, ಅಥವಾ ಉತ್ತರದ ತಂತಿ ಎಲ್ಲೋ ಶಾರ್ಟ್ ಆಗಿದೆ. 45 ಅಂತ ಬಂದರೆ 45 ಮತ್ತು 46ನೇ ಚಿಪ್‌ಗಳ ಆಸುಪಾಸಿನಲ್ಲಿ ನೋಡಬೇಕು. ಎಲ್ಲ 114 ಸಿಕ್ಕೂ ಹ್ಯಾಶ್ ರೇಟ್, ಅಂದರೆ ಸೆಕೆಂಡಿಗೆ ಮಾಡುವ ಪ್ರಯತ್ನಗಳ ಸಂಖ್ಯೆ, ಕಡಿಮೆ ಇದ್ದರೆ ಯಾವುದೋ ಚಿಪ್ ಬದುಕಿದೆ, ಆದರೆ ದುಡಿಯುತ್ತಿಲ್ಲ. ಫ್ಯಾನ್ ಸಿಗುತ್ತಿಲ್ಲ, ಬಿಸಿ ಹೆಚ್ಚಾಗಿದೆ, ಪವರ್ ಸಪ್ಲೈ ಜೊತೆ ಮಾತಾಡಲು ಆಗುತ್ತಿಲ್ಲ ಅನ್ನುವುದಕ್ಕೂ ಲಾಗ್‌ನಲ್ಲಿ ಬೇರೆ ಬೇರೆ ಸಾಲುಗಳಿವೆ.

ಬೋರ್ಡ್ ಮೇಲೆ ತಪ್ಪು ಹೊರಿಸುವ ಮೊದಲು ಇನ್ನೊಂದು ಸರಳ ಪರೀಕ್ಷೆ ಮಾಡಲೇಬೇಕು. ವಿದ್ಯುತ್ ಪೂರ್ತಿ ತೆಗೆದು, ಆ ಬೋರ್ಡ್‌ನ ಡೇಟಾ ಕೇಬಲ್ಲನ್ನು ಚೆನ್ನಾಗಿರುವ ಬೋರ್ಡ್‌ನ ಕೇಬಲ್ ಜೊತೆ ಅದಲು ಬದಲು ಮಾಡಿ ನೋಡುವುದು. ತೊಂದರೆ ಬೋರ್ಡ್ ಜೊತೆಯಲ್ಲೇ ಹೋದರೆ ಬೋರ್ಡ್ ಕೆಟ್ಟಿದೆ. ತೊಂದರೆ ಅದೇ ಸ್ಲಾಟ್‌ನಲ್ಲಿ ಉಳಿದರೆ ಕೇಬಲ್ ಅಥವಾ ಕಂಟ್ರೋಲ್ ಬೋರ್ಡ್ ಕೆಟ್ಟಿದೆ. ಒಂದು ಸಾಮಾನ್ಯ ಕೇಬಲ್‌ನಿಂದ ಆದ ತೊಂದರೆಗೆ ಬೋರ್ಡನ್ನು ಕಾಯಿಸಿ ಹಾಳು ಮಾಡಿದರೆ ಅದಕ್ಕಿಂತ ಬೇಸರದ ಕೆಲಸ ಬೇರೆ ಇಲ್ಲ.

ಮೂರು ಸಾವಿರ ಆಂಪಿಯರ್ ಬೇಡ ಅಂತ ಮಾಡಿದ ಉಪಾಯ

ಈಗ ಬೋರ್ಡ್ ಒಳಗೆ ಹೋಗೋಣ. ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಇದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು.

ಎಸ್19 ಪ್ರೊ ಎಳೆಯುವ ವಿದ್ಯುತ್ 3,250 ವ್ಯಾಟ್. ದಿನಕ್ಕೆ 78 ಯೂನಿಟ್. ಮೂರು ಬೋರ್ಡ್‌ಗಳಿಗೆ ಹಂಚಿದರೆ ಒಂದಕ್ಕೆ ಸಾವಿರ ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಆದರೆ ಒಳಗಿನ ಒಂದೊಂದು ಚಿಪ್‌ನ ತಿರುಳು ಕೆಲಸ ಮಾಡುವುದು ಬರೀ 0.35 ವೋಲ್ಟ್ ಆಸುಪಾಸಿನಲ್ಲಿ. ಎಲ್ಲ ಚಿಪ್‌ಗಳನ್ನೂ ಅಕ್ಕಪಕ್ಕ ಒಂದೇ ತಂತಿಗೆ ಜೋಡಿಸಿದ್ದರೆ, ಸಾವಿರ ವ್ಯಾಟ್ ಅನ್ನು 0.35 ವೋಲ್ಟ್‌ನಲ್ಲಿ ಕೊಡಲು ಸುಮಾರು 3,000 ಆಂಪಿಯರ್ ಬೇಕಾಗುತ್ತಿತ್ತು. ಅಂಗೈ ಅಗಲದ ಬೋರ್ಡ್‌ನ ತಾಮ್ರ ಅದನ್ನು ತಡೆಯುವುದಿಲ್ಲ.

ಅದಕ್ಕೆ ಎಂಜಿನಿಯರ್‌ಗಳು ಚಿಪ್‌ಗಳನ್ನು ಗುಂಪು ಮಾಡಿ, ಗುಂಪುಗಳನ್ನು ಒಂದರ ಹಿಂದೆ ಒಂದರಂತೆ ಕೂಡಿಸಿದರು. ಗಣೇಶನ ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ ಇದ್ದ ಹಾಗೆ. ಪುಟ್ಟ ಬಲ್ಬ್‌ಗಳು 230 ವೋಲ್ಟನ್ನು ತಮ್ಮಲ್ಲೇ ಹಂಚಿಕೊಳ್ಳುತ್ತವೆ ಅಲ್ವಾ, ಇಲ್ಲಿ ಗುಂಪುಗಳು 13 ವೋಲ್ಟ್ ಹತ್ತಿರದ ವಿದ್ಯುತ್ತನ್ನು ಹಂಚಿಕೊಳ್ಳುತ್ತವೆ. ಎಸ್19 ಪ್ರೊ ಬೋರ್ಡ್‌ನಲ್ಲಿ 38 ಗುಂಪು, ಗುಂಪಿಗೆ 3 ಚಿಪ್. ಎಸ್9 ಬೋರ್ಡ್‌ನಲ್ಲಿ 21 ಗುಂಪು, ಗುಂಪಿಗೆ 3 ಚಿಪ್, ಒಟ್ಟು 63. ಹೀಗೆ ಮಾಡಿದ್ದರಿಂದ ಎಸ್19 ಪ್ರೊ ಬೋರ್ಡ್‌ಗೆ 80 ಆಂಪಿಯರ್ ಆಸುಪಾಸು ಸಾಕು. ಈ ಗುಂಪುಗಳಿಗೆ ರಿಪೇರಿಯವರು ವೋಲ್ಟೇಜ್ ಡೊಮೇನ್ ಅನ್ನುತ್ತಾರೆ.

ಈ ಜೋಡಣೆಯಿಂದ ರಿಪೇರಿಗೆ ಒಂದು ಅನುಕೂಲ ಇದೆ. ಎಲ್ಲ ಗುಂಪುಗಳಲ್ಲೂ ಹರಿಯುವ ಕರೆಂಟ್ ಒಂದೇ. ಎಲ್ಲವೂ ಚೆನ್ನಾಗಿದ್ದರೆ ಎಲ್ಲದರ ಮೇಲೂ ವೋಲ್ಟೇಜ್ ಹೆಚ್ಚು ಕಡಿಮೆ ಸಮ ಇರಬೇಕು. ಮಲ್ಟಿಮೀಟರ್ ಹಿಡಿದು 38 ಗುಂಪುಗಳನ್ನೂ ಒಂದೊಂದಾಗಿ ಅಳೆದರೆ ಸಾಕು, ಬೋರ್ಡ್ ತನ್ನ ಕಥೆ ತಾನೇ ಹೇಳುತ್ತದೆ. ಒಂದು ಗುಂಪಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಅಲ್ಲಿ ಯಾವುದೋ ಚಿಪ್ ಅಥವಾ ಕೆಪಾಸಿಟರ್ ಶಾರ್ಟ್ ಆಗಿದೆ. ಒಂದರಲ್ಲಿ ಮಾತ್ರ ವೋಲ್ಟೇಜ್ ಏರಿದ್ದರೆ ಅಲ್ಲಿನ ಒಂದು ಚಿಪ್ ಕರೆಂಟ್ ತೆಗೆದುಕೊಳ್ಳುತ್ತಿಲ್ಲ, ಬಹುಶಃ ಅದರ ಬೆಸುಗೆ ಬಿಟ್ಟಿದೆ. ವಿದ್ಯುತ್ ಕೊಡುವ ಮೊದಲೇ ಪ್ರತಿ ಗುಂಪಿನ ರೆಸಿಸ್ಟೆನ್ಸ್ ಅಳೆದು ಪಕ್ಕದ್ದರ ಜೊತೆ ಹೋಲಿಸುವುದು ಇನ್ನೂ ಒಳ್ಳೆಯದು. ಶಾರ್ಟ್ ಇರುವ ಬೋರ್ಡ್‌ಗೆ ಸುಮ್ನೆ ಕರೆಂಟ್ ಕೊಟ್ಟರೆ ಒಂದು ಹೋಗಿದ್ದ ಕಡೆ ನಾಲ್ಕು ಹೋಗುತ್ತವೆ.

ಹೊಸಬರು ಎಡವುವ ಜಾಗವೂ ಇಲ್ಲೇ ಇದೆ. ಪ್ರತಿ ಗುಂಪಿನ ನೆಲ, ಅಂದರೆ ಗ್ರೌಂಡ್, ಬೇರೆ ಬೇರೆ. ಹತ್ತನೇ ಗುಂಪಿನ ಗ್ರೌಂಡ್ ಅಂದರೆ ಒಂಬತ್ತನೇ ಗುಂಪಿನ ನೆತ್ತಿ. ಹಾಗಾಗಿ ಯಾವ ಚಿಪ್‌ನ ಸಿಗ್ನಲ್ ಅಳೆಯುತ್ತೀರೋ ಮೀಟರ್‌ನ ಕಪ್ಪು ತಂತಿಯನ್ನು ಅದೇ ಗುಂಪಿನ ಗ್ರೌಂಡ್ ಮೇಲೆ ಇಡಬೇಕು. ಬೋರ್ಡ್‌ನ ಮೂಲೆಯ ಸ್ಕ್ರೂ ಮೇಲೆ ಇಟ್ಟು ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ.

ಚಿಪ್‌ನಿಂದ ಚಿಪ್‌ಗೆ ದಾಟುವ ಮಾತು

ವಿದ್ಯುತ್ ಹೇಗೆ ಸಾಲಾಗಿ ಹೋಗುತ್ತದೋ ಮಾತೂ ಹಾಗೆಯೇ ಹೋಗುತ್ತದೆ. ಕಂಟ್ರೋಲ್ ಬೋರ್ಡ್ ಹೇಳಿದ್ದನ್ನು ಮೊದಲ ಚಿಪ್ ಕೇಳಿ ಎರಡನೆಯದಕ್ಕೆ ದಾಟಿಸುತ್ತದೆ, ಅದು ಮೂರನೆಯದಕ್ಕೆ. ಉತ್ತರ ಇದಕ್ಕೆ ತಿರುಗಿ, ಕೊನೆಯ ಚಿಪ್‌ನಿಂದ ಮೊದಲನೆಯದರ ಕಡೆಗೆ ಬರುತ್ತದೆ. ಮಧ್ಯದಲ್ಲಿ ಒಂದು ಸುಮ್ಮನಾದರೆ ಅದರ ಆಚೆಗಿನವರು ಚೆನ್ನಾಗಿದ್ದರೂ ಅವರ ದನಿ ಈಚೆಗೆ ತಲುಪುವುದಿಲ್ಲ.

ಈ ಸಾಲಿನಲ್ಲಿ ಐದು ಸಿಗ್ನಲ್‌ಗಳು ಹರಿಯುತ್ತವೆ. 25 ಮೆಗಾಹರ್ಟ್ಸ್‌ನ ಕ್ಲಾಕ್, ಆದೇಶ ಹೋಗುವ ತಂತಿ, ಉತ್ತರ ಬರುವ ತಂತಿ, ಬಿಓ ಅನ್ನುವ ಸಿಗ್ನಲ್, ರೀಸೆಟ್. ಪ್ರತಿ ಎರಡು ಚಿಪ್‌ಗಳ ನಡುವೆ ಇವನ್ನು ಅಳೆಯಲು ಪುಟ್ಟ ಟೆಸ್ಟ್ ಪಾಯಿಂಟ್‌ಗಳಿರುತ್ತವೆ. ಎಸ್9 ಬೋರ್ಡ್‌ನಲ್ಲಿ ಆದೇಶ, ಉತ್ತರ, ರೀಸೆಟ್ ಮೂರೂ 1.8 ವೋಲ್ಟ್ ಆಸುಪಾಸು ತೋರಿಸಬೇಕು. ಬಿಓ ಸೊನ್ನೆ ಇರಬೇಕು. ಕ್ಲಾಕ್ ಮಾತ್ರ 0.9 ಹತ್ತಿರ ತೋರಿಸುತ್ತದೆ. ಕ್ಲಾಕ್ ಒಂದೇ ಸಮ ಸೊನ್ನೆಗೂ 1.8ಕ್ಕೂ ನಡುವೆ ಜಿಗಿಯುತ್ತಿರುತ್ತದೆ, ಮೀಟರ್ ಅದರ ಸರಾಸರಿ ತೋರಿಸುತ್ತದೆ. ಆಸಿಲೋಸ್ಕೋಪ್ ಇದ್ದರೆ ಅಲೆಯನ್ನೇ ನೋಡಬಹುದು.

ಕ್ಲಾಕ್ ಮತ್ತು ರೀಸೆಟ್ ಮೊದಲ ಚಿಪ್‌ನಿಂದ ಮುಂದಕ್ಕೆ ಹೋಗುವುದರಿಂದ ಅವನ್ನು ಮುಂದಿನಿಂದ ಹುಡುಕುತ್ತಾ ಹೋಗಬೇಕು. 40ನೇ ಚಿಪ್ ವರೆಗೂ ಕ್ಲಾಕ್ ಇದೆ, 41ರ ನಂತರ ಇಲ್ಲ ಅಂದರೆ ಈ ಎರಡು ಚಿಪ್‌ಗಳು ಮತ್ತು ನಡುವಿನ ಪುಟ್ಟ ಬಿಡಿಭಾಗಗಳ ಮೇಲೆ ಕಣ್ಣು. ಉತ್ತರದ ತಂತಿಯನ್ನು ಹಿಂದಿನಿಂದ ಹುಡುಕಬೇಕು. ಎಷ್ಟೋ ಸಲ ಕೆಟ್ಟಿರುವುದು ಚಿಪ್ ಅಲ್ಲ, ಎಳ್ಳುಕಾಳಿನಷ್ಟಿರುವ ಒಂದು ರೆಸಿಸ್ಟರ್. ಅಥವಾ ಆ ಗುಂಪಿಗೆ 1.8 ವೋಲ್ಟ್ ಕೊಡುವ ಪುಟ್ಟ ರೆಗ್ಯುಲೇಟರ್. ಅಳೆಯದೇ ಚಿಪ್ ಬದಲಿಸುವವರು ಗ್ರಾಹಕರ ದುಡ್ಡನ್ನೂ ಬೋರ್ಡ್‌ನ ಆಯಸ್ಸನ್ನೂ ಕಳೆಯುತ್ತಾರೆ ಅಂತ ನಾನು ಹೇಳುವುದು ಇದಕ್ಕೇ.

ಅರ್ಧ ಅರ್ಧ ಮಾಡಿ ಹುಡುಕುವುದು

ವೋಲ್ಟೇಜ್ ಎಲ್ಲ ಸರಿ ಇದೆ, ಸಿಗ್ನಲ್ ಕೂಡ ಹೆಚ್ಚು ಕಡಿಮೆ ಸರಿ ಇದೆ, ಆದರೂ ಲಾಗ್‌ನಲ್ಲಿ ಸೊನ್ನೆ ಚಿಪ್. ಆಗ ಬಳಸುವ ವಿಧಾನ ಈ ಇಡೀ ಕಸುಬಿನಲ್ಲಿ ನನಗೆ ತುಂಬ ಇಷ್ಟವಾದದ್ದು.

ಬೋರ್ಡನ್ನು ಯಂತ್ರದಿಂದ ತೆಗೆದು ಟೆಸ್ಟ್ ಜಿಗ್ ಅನ್ನುವ ಸಾಧನಕ್ಕೆ ಜೋಡಿಸುತ್ತಾರೆ. ಅದು ಚಿಪ್‌ಗಳನ್ನು ಎಣಿಸಿ ಸಂಖ್ಯೆ ಹೇಳುತ್ತದೆ. ಈಗ ಸಾಲಿನ ನಟ್ಟನಡುವೆ, 57 ಮತ್ತು 58ನೇ ಚಿಪ್‌ಗಳ ನಡುವೆ, ಉತ್ತರದ ತಂತಿಯ ಟೆಸ್ಟ್ ಪಾಯಿಂಟನ್ನು ಪಕ್ಕದ 1.8 ವೋಲ್ಟ್ ಪಾಯಿಂಟ್‌ಗೆ ಚೂಪಾದ ಚಿಮಟದಿಂದ ಮುಟ್ಟಿಸಿ ಹಿಡಿಯುತ್ತಾರೆ. ಉತ್ತರದ ತಂತಿ ಖಾಲಿ ಇದ್ದಾಗ 1.8 ವೋಲ್ಟ್‌ನಲ್ಲೇ ನಿಂತಿರುತ್ತದೆ. ನಾವು ಅಲ್ಲಿ ಬಲವಂತವಾಗಿ 1.8 ಕೊಟ್ಟರೆ ಆಚೆ ಕಡೆಯ ಗದ್ದಲ ಈಚೆಗೆ ಬರುವುದಿಲ್ಲ. ಮೊದಲ 57 ಚಿಪ್‌ಗಳಿಗೆ ತಮ್ಮ ಆಚೆ ಯಾರೂ ಇಲ್ಲ, ತಂತಿ ಖಾಲಿ ಇದೆ ಅನಿಸುತ್ತದೆ. ಅವು ಉತ್ತರ ಕೊಡುತ್ತವೆ.

ಜಿಗ್ 57 ಅಂತ ತೋರಿಸಿದರೆ ಮೊದಲ ಅರ್ಧ ಚೆನ್ನಾಗಿದೆ, ತೊಂದರೆ ಎರಡನೇ ಅರ್ಧದಲ್ಲಿದೆ. ಇನ್ನೂ ಸೊನ್ನೆಯೇ ಬಂದರೆ ತೊಂದರೆ ಮೊದಲ ಅರ್ಧದಲ್ಲೇ ಇದೆ. ಆ ಅರ್ಧದ ನಡುವೆ ಮತ್ತೆ ಚಿಮಟ. ಮತ್ತೆ ಅರ್ಧ. 114 ಇದ್ದದ್ದು 57 ಆಗುತ್ತದೆ, 29 ಆಗುತ್ತದೆ, 15, 8, 4, 2, 1. ಏಳು ಸಲ ಮುಟ್ಟಿಸಿದರೆ ಕೆಟ್ಟ ಚಿಪ್ ಸಿಕ್ಕಿತು. ಒಂದೊಂದಾಗಿ ಬದಲಿಸುತ್ತಾ ಹೋಗಿದ್ದರೆ ದಿನಗಟ್ಟಲೆ ಹಿಡಿಯುತ್ತಿತ್ತು, ಬೋರ್ಡ್ ಕೂಡ ಉಳಿಯುತ್ತಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಓದುವ ಹುಡುಗರು ಮೊದಲ ವರ್ಷದಲ್ಲಿ ಕಲಿಯುವ ಬೈನರಿ ಸರ್ಚ್ ಇದೇ. ಇಲ್ಲಿ ಅದು ಚಿಮಟದ ತುದಿಯಲ್ಲಿದೆ. ಕೈ ನಡುಗಿ ಪಕ್ಕದ ಪಾಯಿಂಟ್‌ಗೆ ತಾಗಿದರೆ ಚೆನ್ನಾಗಿದ್ದ ಚಿಪ್ ಸಾಯುತ್ತದೆ, ಹಾಗಾಗಿ ಮೈಯೆಲ್ಲ ಕಣ್ಣಾಗಿರಬೇಕು.

ಎಲ್ಲ ಚಿಪ್ ಸಿಕ್ಕೂ ಹ್ಯಾಶ್ ಕಡಿಮೆ ಇರುವ ಬೋರ್ಡ್‌ಗೆ ಪರೀಕ್ಷೆ ಬೇರೆ. ಜಿಗ್ ಪ್ರತಿ ಚಿಪ್‌ಗೂ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಡುತ್ತದೆ. ಎಷ್ಟು ಸರಿ ಉತ್ತರ ಬಂತು ಅಂತ ಚಿಪ್‌ವಾರು ಎಣಿಸುತ್ತದೆ. ಉಳಿದವಕ್ಕಿಂತ ತೀರಾ ಕಡಿಮೆ ಕೊಟ್ಟ ಚಿಪ್ ಯಾವುದು ಅಂತ ಪರದೆಯಲ್ಲೇ ಕಾಣುತ್ತದೆ.

ಚಿಪ್ ಬದಲಿಸುವಾಗ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಲ್ಯಾಪ್‌ಟಾಪ್‌ಗೆ ಚಿಪ್ ಲೆವೆಲ್ ಸರ್ವಿಸ್ ಮಾಡುವವರ ಕೆಲಸ ನೋಡಿದ್ದರೆ ಈ ಭಾಗ ನಿಮಗೆ ಹೊಸದಲ್ಲ. ಚಿಪ್‌ನ ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್ ಸಿಂಕ್ ತೆಗೆದು, ಹಳೆಯ ಪೇಸ್ಟ್ ಒರೆಸಿ, ಬೆಸುಗೆ ಸಲೀಸಾಗಿ ಹರಿಯಲಿ ಅಂತ ಚಿಪ್ ಸುತ್ತ ಫ್ಲಕ್ಸ್ ಹಚ್ಚಿ, ಬಿಸಿ ಗಾಳಿ ಕೊಡುತ್ತಾರೆ. ಬೆಸುಗೆ ಕರಗಿದ ಮೇಲೆ ಚಿಪ್ ತಾನಾಗಿ ಬಿಡಬೇಕು. ಎಳೆಯಬಾರದು. ಎಳೆದರೆ ಕೆಳಗಿನ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ, ಆಮೇಲೆ ಆ ಬೋರ್ಡ್ ಉಳಿಸುವುದು ಕಷ್ಟ. ಪ್ಯಾಡ್ ಸಮ ಮಾಡಿ, ಆಲ್ಕೋಹಾಲ್‌ನಿಂದ ತೊಳೆದು, ಹೊಸ ಚಿಪ್‌ನ ತಳಕ್ಕೆ ಸ್ಟೆನ್ಸಿಲ್ ಇಟ್ಟು ಬೆಸುಗೆ ಪೇಸ್ಟ್ ಹಚ್ಚಿ, ದಿಕ್ಕು ನೋಡಿ ಕೂರಿಸುತ್ತಾರೆ. ಸರಿಯಾಗಿ ಕರಗಿದಾಗ ಚಿಪ್ಪನ್ನು ಚಿಮಟದಿಂದ ಮೆಲ್ಲಗೆ ತಳ್ಳಿದರೆ ಅದು ತನ್ನ ಜಾಗಕ್ಕೆ ತಾನೇ ವಾಪಸ್ ಬರುತ್ತದೆ. ಆಮೇಲೆ ಹಾಗೇ ಆರಲು ಬಿಡಬೇಕು.

ಇಲ್ಲಿ ಲ್ಯಾಪ್‌ಟಾಪ್‌ಗಿಂತ ಕಷ್ಟ ಅಂದರೆ ಬಿಸಿಯ ಲೆಕ್ಕ. ಬೋರ್ಡ್‌ನ ತಾಮ್ರ ದಪ್ಪ, ಕೊಟ್ಟ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಇತ್ತೀಚಿನ ಕೆಲವು ಬೋರ್ಡ್‌ಗಳ ತಳವೇ ಅಲ್ಯೂಮಿನಿಯಂ. ಅಂಥವಕ್ಕೆ ಮೇಲಿನಿಂದ ಗಾಳಿ ಎಷ್ಟು ಕೊಟ್ಟರೂ ಬೆಸುಗೆ ಕರಗುವುದಿಲ್ಲ. ಕೆಳಗೆ ಕಾಯಿಸುವ ತಟ್ಟೆ ಇಟ್ಟು ಇಡೀ ಬೋರ್ಡನ್ನು ಮೊದಲು ಬಿಸಿ ಮಾಡಿಕೊಳ್ಳಬೇಕು. ಅವಸರ ಪಟ್ಟು ಗಾಳಿಯ ಬಿಸಿ ಏರಿಸಿದರೆ ಪಕ್ಕದ ಚಿಪ್‌ಗಳ ಬೆಸುಗೆಯೂ ಸಡಿಲವಾಗುತ್ತದೆ. ಒಂದು ಸರಿ ಮಾಡಲು ಹೋಗಿ ಇನ್ನೆರಡು ಕೆಡುವುದು ಹೀಗೆಯೇ.

ಬೆಸುಗೆ ಪೇಸ್ಟ್‌ನಲ್ಲೂ ಆಯ್ಕೆ ಇದೆ. ಸೀಸ ಇರುವುದು 183 ಡಿಗ್ರಿಗೆ ಕರಗುತ್ತದೆ. ಬಿಸ್ಮತ್ ಇರುವುದು 138 ಡಿಗ್ರಿಗೇ ಕರಗುತ್ತದೆ. ಕೆಲಸ ಸುಲಭ ಅಂತ ಕೆಲವರು ಚಿಪ್‌ಗೂ 138ರದ್ದೇ ಹಚ್ಚುತ್ತಾರೆ. ಅದು ಪೆಡಸು, ಬಿಸಿ ತಂಪು ಬಿಸಿ ತಂಪು ಆಗುವ ಕಡೆ ಬೇಗ ಬಿರುಕು ಬಿಡುತ್ತದೆ. ಹೀಟ್ ಸಿಂಕ್ ಅಂಟಿಸಲು ಸರಿ, ಚಿಪ್‌ಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಚಿಪ್ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಇವು ಸಾಮಾನ್ಯ ಬಿಡಿಭಾಗದ ಅಂಗಡಿಯಲ್ಲಿ ಸಿಗುವುದಿಲ್ಲ. ಹೆಚ್ಚಿನವು ಚೀನಾದ ಶೆನ್‌ಝೆನ್‌ನ ಮಾರುಕಟ್ಟೆಯಿಂದ ಬರುತ್ತವೆ, ಇಲ್ಲವೇ ಕೆಟ್ಟುಹೋದ ಇನ್ನೊಂದು ಬೋರ್ಡ್‌ನಿಂದ ಕಿತ್ತವು. ಕಿತ್ತ ಚಿಪ್ ತಪ್ಪೇನಲ್ಲ, ಆದರೆ ಪರೀಕ್ಷಿಸಿರಬೇಕು, ಗ್ರಾಹಕರಿಗೆ ಹೇಳಿರಬೇಕು. ಎಸ್19 ಪ್ರೊದಲ್ಲಿರುವ ಚಿಪ್‌ಗೆ ಬಿಎಂ1398 ಅಂತ ಒಂದೇ ಹೆಸರಿದ್ದರೂ ಕೊನೆಯ ಅಕ್ಷರಗಳು ಬೇರೆ ಇರುತ್ತವೆ. ಬೋರ್ಡ್‌ನಲ್ಲಿ ಯಾವುದಿತ್ತೋ ಅದನ್ನೇ ಹಾಕಬೇಕು.

ಕೆಲಸ ಮುಗಿದ ಮೇಲೆ ಜಿಗ್‌ನಲ್ಲಿ ಒಂದು ಸಲ ಪಾಸಾದರೆ ಸಾಲದು. ಸ್ವಲ್ಪ ಆರಿದ ಬೋರ್ಡನ್ನು ಪರೀಕ್ಷಿಸಿ, ಪಕ್ಕಕ್ಕಿಟ್ಟು ಪೂರ್ತಿ ತಂಪಾಗಲು ಬಿಟ್ಟು, ಮತ್ತೆ ಪರೀಕ್ಷಿಸಬೇಕು. ಎರಡೂ ಸಲ ಪಾಸಾಗಬೇಕು. ಸರಿಯಾಗಿ ಕೂರದ ಬೆಸುಗೆ ಬಿಸಿ ಇದ್ದಾಗ ಹಿಗ್ಗಿ ಅಂಟಿಕೊಂಡಿರುತ್ತದೆ, ತಂಪಾದಾಗ ಕುಗ್ಗಿ ಬಿಡುತ್ತದೆ. ಒಂದೇ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಆಮೇಲೆ ಇಡೀ ಯಂತ್ರಕ್ಕೆ ಹಾಕಿ ಗಂಟೆಗಟ್ಟಲೆ ಓಡಿಸಬೇಕು. ಈ ಓಡಿಸುವ ಹಂತವನ್ನು ಬಿಡುವ ಅಂಗಡಿಗೆ ನಾನಾದರೆ ಬೋರ್ಡ್ ಕೊಡುವುದಿಲ್ಲ.

ಬೋರ್ಡನ್ನು ಜಿಗ್‌ಗೆ ಜೋಡಿಸುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಮೊದಲು ಮೈನಸ್, ಆಮೇಲೆ ಪ್ಲಸ್, ಕೊನೆಗೆ ಡೇಟಾ ಕೇಬಲ್. ಬಿಚ್ಚುವಾಗ ಇದಕ್ಕೆ ಉಲ್ಟಾ. ತಪ್ಪಿದರೆ ಸಿಗ್ನಲ್ ಹೊಂದಿಸುವ ಪುಟ್ಟ ಐಸಿಗಳು ಸುಟ್ಟು, ಚೆನ್ನಾಗಿದ್ದ ಬೋರ್ಡ್‌ನಲ್ಲೂ ಚಿಪ್ ಸಿಗದಂತಾಗುತ್ತದೆ.

ಎಸ್17 ಕಲಿಸಿದ್ದು

2019ರಲ್ಲಿ ಬಂದ ಬಿಟ್‌ಮೈನ್‌ನ ಎಸ್17 ಮತ್ತು ಟಿ17 ಸರಣಿಯ ಯಂತ್ರಗಳಲ್ಲಿ ಪ್ರತಿ ಚಿಪ್‌ಗೂ ಒಂದೊಂದು ಪುಟ್ಟ ಹೀಟ್ ಸಿಂಕನ್ನು ಬೆಸುಗೆಯಿಂದಲೇ ಅಂಟಿಸಿದ್ದರು. ಬಿಸಿಗೆ, ಅಲುಗಾಟಕ್ಕೆ ಆ ಬೆಸುಗೆ ಬಿಟ್ಟು ಹೀಟ್ ಸಿಂಕ್ ಕಳಚಿ ಬೀಳತೊಡಗಿತು. ಬಿದ್ದ ಲೋಹದ ತುಂಡು ಬೇರೆ ಚಿಪ್‌ಗಳಿಗೆ ತಾಗಿ ಶಾರ್ಟ್ ಮಾಡಿತು. ಹೀಟ್ ಸಿಂಕ್ ಕಳೆದುಕೊಂಡ ಚಿಪ್ ಬೆಂದುಹೋಯಿತು. ಜಗತ್ತಿನ ಬೇರೆ ಬೇರೆ ಕಡೆಯ ಮೈನರ್‌ಗಳು ಇದರ ಬಗ್ಗೆ ದೂರಿದರು. ಇಂಥ ಬೋರ್ಡ್ ಬಂದರೆ ಕೆಟ್ಟ ಚಿಪ್ ಒಂದನ್ನು ಬದಲಿಸಿ ಕೊಡುವುದು ಅರ್ಧ ರಿಪೇರಿ. ಉಳಿದ ಹೀಟ್ ಸಿಂಕ್‌ಗಳನ್ನೂ ಅಲುಗಾಡಿಸಿ ನೋಡಿ, ಸಡಿಲ ಇರುವುದನ್ನೆಲ್ಲ ಮತ್ತೆ ಅಂಟಿಸಬೇಕು. ಇಲ್ಲದಿದ್ದರೆ ಅದೇ ಬೋರ್ಡ್ ಕೆಲವೇ ವಾರಗಳಲ್ಲಿ ವಾಪಸ್ ಬರುತ್ತದೆ.

ಬೇರೆ ಯಂತ್ರಗಳಿಗೂ ಇದೇ ಮಾತು. ಚಿಪ್ ಯಾಕೆ ಸತ್ತಿತು ಅಂತ ಕೇಳದೆ ಬದಲಿಸಿದರೆ ಹೊಸದೂ ಸಾಯುತ್ತದೆ. ಧೂಳು ಕಟ್ಟಿ ಗಾಳಿ ಆಡುತ್ತಿಲ್ಲವೇ? ಕರಾವಳಿಯಂಥ ಕಡೆ ಉಪ್ಪು ಗಾಳಿಯಿಂದ ಬೋರ್ಡ್ ಹಸಿರುಗಟ್ಟಿದೆಯೇ? ಯಾರಾದರೂ ಬೇರೆ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಹಾಕಿ ಮಿತಿ ಮೀರಿ ಓಡಿಸಿದ್ದರೇ? ವೈರಿಂಗ್ ಸರಿ ಇದೆಯೇ? ಎಸ್19 ಒಂದೇ 230 ವೋಲ್ಟ್‌ನಲ್ಲಿ 14 ಆಂಪಿಯರ್ ಹತ್ತಿರ ಎಳೆಯುತ್ತದೆ, ಅದೂ ಹಗಲು ರಾತ್ರಿ ಬಿಡದೆ. ಸಾಮಾನ್ಯ ಸಾಕೆಟ್‌ಗೆ ಚುಚ್ಚುವ ಯಂತ್ರವಲ್ಲ ಇದು.

ಪವರ್ ಸಪ್ಲೈ ಬಗ್ಗೆ ಒಂದು ಎಚ್ಚರಿಕೆ. ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಹತ್ತಿರದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಜೀವ ತೆಗೆಯಲು ಅಷ್ಟು ಸಾಕು. ಈ ಕೆಲಸ ಗೊತ್ತಿಲ್ಲದವರು ಅದರ ಮುಚ್ಚಳ ತೆಗೆಯಲೇಬಾರದು. ಹ್ಯಾಶ್ ಬೋರ್ಡ್ ಮೇಲೆ ಕೈ ಪಳಗಿಸಿಕೊಳ್ಳಿ, ಇದನ್ನು ಗೊತ್ತಿರುವವರಿಗೆ ಬಿಡಿ.

ರಿಪೇರಿ ಮಾಡಿಸಬೇಕೇ?

ಇದಕ್ಕೆ ಉತ್ತರ ಕಾಲ ಬಂದಂತೆ ಬದಲಾಗುತ್ತದೆ. 2020ರ ಮೇ ತಿಂಗಳಲ್ಲಿ ಒಂದು ಬ್ಲಾಕ್‌ಗೆ, ಅಂದರೆ ವ್ಯವಹಾರಗಳ ಒಂದು ಕಂತೆಗೆ, ಮೈನಿಂಗ್ ಮಾಡಿ ಗೆದ್ದವರಿಗೆ ಸಿಗುವ ಬಹುಮಾನ 12.5 ಬಿಟ್‌ಕಾಯಿನ್‌ನಿಂದ 6.25ಕ್ಕೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಎಸ್9 ಒಂದು ಟೆರಾಹ್ಯಾಶ್‌ಗೆ 100 ವ್ಯಾಟ್ ಹತ್ತಿರ ತಿನ್ನುತ್ತದೆ, ಎಸ್19 ಪ್ರೊ 30 ವ್ಯಾಟ್ ಆಸುಪಾಸು. ಕಾಸು ಕೊಟ್ಟು ಕೊಳ್ಳುವ ಕರೆಂಟ್‌ನಲ್ಲಿ ಎಸ್9 ಓಡಿಸಿ ಲಾಭ ಮಾಡುವ ಕಾಲ ಮುಗಿದಿದೆ. ಅದರ ಬೋರ್ಡ್ ಈಗ ಕಲಿಯುವವರಿಗೆ ಒಳ್ಳೆಯ ಪಾಠದ ಸಾಮಾನು. ಎಸ್19 ಮತ್ತು ಅದರ ನಂತರದವಕ್ಕೆ ಲೆಕ್ಕ ಹಾಕಬೇಕು. ಯೂನಿಟ್‌ಗೆ 8 ರೂಪಾಯಿ ಅಂದುಕೊಂಡರೂ ಎಸ್19 ಪ್ರೊ ದಿನಕ್ಕೆ 624 ರೂಪಾಯಿ ಕರೆಂಟ್ ತಿನ್ನುತ್ತದೆ. ಅದು ದುಡಿದು ಕೊಡುವುದು ಅದಕ್ಕಿಂತ ಕಡಿಮೆ ಇದ್ದರೆ ರಿಪೇರಿ ಎಷ್ಟು ಅಗ್ಗವಾದರೂ ನಷ್ಟವೇ.

ಭಾರತದಲ್ಲಿ ತೆರಿಗೆಯ ಲೆಕ್ಕವೂ ಇದೆ. 2022ರ ಏಪ್ರಿಲ್ 1ರಿಂದ ಕಾಯಿನ್ ಮಾರಿದ ಲಾಭಕ್ಕೆ 30% ತೆರಿಗೆ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಅದರಲ್ಲಿ ಕಳೆಯುವಂತಿಲ್ಲ. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನು ಕೊಂಡ ಬೆಲೆ ಅಂತ ಪರಿಗಣಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಹೇಳಿದೆ. ದೊಡ್ಡ ಮಟ್ಟದ ರಿಪೇರಿ ಕೇಂದ್ರಗಳು ಬೆಳೆದಿರುವುದಂತೂ ದೊಡ್ಡ ಮೈನಿಂಗ್ ಇರುವ ಕಡೆಯೇ. 2021ರಲ್ಲಿ ಚೀನಾ ಮೈನಿಂಗ್ ಮೇಲೆ ನಿಷೇಧ ಹೇರಿದಾಗ ಲಕ್ಷಾಂತರ ಯಂತ್ರಗಳು ಅಮೆರಿಕ, ಕಜಾಕಸ್ತಾನದಂಥ ದೇಶಗಳಿಗೆ ಹಡಗು, ಲಾರಿ ಹತ್ತಿದವು. ಅವುಗಳ ಹಿಂದೆಯೇ ರಿಪೇರಿಯೂ ಹೋಯಿತು. ಬಿಟ್‌ಮೈನ್ ಸ್ವತಃ ರಿಪೇರಿ ಕಲಿಸುವ ತರಬೇತಿ ನಡೆಸಿ ಸರ್ಟಿಫಿಕೇಟ್ ಕೊಡುತ್ತದೆ.

ಬೋರ್ಡ್ ರಿಪೇರಿಗೆ ಕಳಿಸುವುದು ಅಂತ ತೀರ್ಮಾನಿಸಿದ್ದರೆ ಇಷ್ಟು ಮಾಡಿ. ವಾರಂಟಿ ಇನ್ನೂ ಇದೆಯೇ ನೋಡಿ, ಇದ್ದರೆ ಸ್ಕ್ರೂ ಬಿಚ್ಚುವ ಮೊದಲೇ ಕಂಪನಿಗೆ ಬರೆಯಿರಿ. ಯಂತ್ರ ಆಫ್ ಮಾಡುವ ಮೊದಲು ಪೂರ್ತಿ ಲಾಗ್ ಕಾಪಿ ಮಾಡಿಟ್ಟುಕೊಳ್ಳಿ. ಬೋರ್ಡ್‌ನ ಸೀರಿಯಲ್ ನಂಬರ್‌ನ ಫೋಟೋ ತೆಗೆಯಿರಿ. ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಹಾಕಿ, ಸುತ್ತ ದಪ್ಪ ಫೋಮ್ ಇಟ್ಟು, ಹೀಟ್ ಸಿಂಕ್ ಮೇಲೆ ಭಾರ ಬೀಳದ ಹಾಗೆ ಪ್ಯಾಕ್ ಮಾಡಿ. ಅಂಗಡಿಯವರನ್ನು ಮೂರು ವಿಷಯ ಕೇಳಿ: ಯಾವ ಚಿಪ್ ಬದಲಿಸಿದಿರಿ, ಕೆಟ್ಟ ಚಿಪ್ ವಾಪಸ್ ಕೊಡುತ್ತೀರಾ, ತಂಪಾದ ಮೇಲಿನ ಎರಡನೇ ಪರೀಕ್ಷೆಯ ಫಲಿತಾಂಶ ತೋರಿಸುತ್ತೀರಾ. ಕೆಲಸ ಬಲ್ಲವರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಬೋರ್ಡ್ ಹಾಕುವ ಮುನ್ನ ಯಂತ್ರದೊಳಗಿನ ಧೂಳು ತೆಗೆದು, ಫ್ಯಾನ್‌ಗಳು ಸರಿಯಾದ ವೇಗದಲ್ಲಿ ತಿರುಗುತ್ತಿವೆಯೇ ಅಂತ ನೋಡಿ. ಮೊದಲ ಒಂದೆರಡು ದಿನ ಲಾಗ್‌ನಲ್ಲಿ ಬಿಸಿ ಮತ್ತು ಚಿಪ್ ಸಂಖ್ಯೆಯ ಮೇಲೆ ಕಣ್ಣಿಟ್ಟಿರಿ.